ಜಾಹೀರಾತಿನಲ್ಲಿ ಮಿಂಚಿದ ಕಾರು ಆಮೇಲೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಸರ್, ನೀವು ಇಂಗ್ಲೆಂಡಿನಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳನ್ನು ರಿಸ್ಟೋರ್ ಮಾಡುವ ಗ್ಯಾರೇಜಿನಲ್ಲಿ ಇದ್ದೀರಲ್ವಾ, ಅದಕ್ಕೆ ಕೇಳುತ್ತಿದ್ದೇನೆ. ಹೊಸ ಮಾಡೆಲ್ ಬಿಟ್ಟಾಗ ಪತ್ರಿಕೆಗಳಲ್ಲಿ ಫೋಟೊ ಬರುವ ಕಾರು, ಸ್ಪೀಡ್ ರೆಕಾರ್ಡ್ ಮಾಡಿದ ಕಾರು, ಇವೆಲ್ಲ ಕೆಲಸ ಮುಗಿದ ಮೇಲೆ ಮ್ಯೂಸಿಯಂ ಸೇರುತ್ತವಾ?

ಉತ್ತರ: ಕೆಲವು ಸೇರುತ್ತವೆ. ಬಹಳಷ್ಟು ಸೆಕೆಂಡ್‌ಹ್ಯಾಂಡ್ ಆಗಿ ಮಾರಾಟವಾಗುತ್ತವೆ, ಅಷ್ಟೇ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅದು ಓಡಿಸಿ ಸವೆಸಿದ ಒಂದು ಗಾಡಿ.

ನನಗೆ ಹತ್ತಿರದ ಉದಾಹರಣೆ ಜಾಗ್ವಾರ್ ಇ-ಟೈಪ್. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಅಲ್ಲಿಗೆ ಹೋದ ಕೂಪೆಯ (ಮುಚ್ಚಿದ ಮಾಡಿನ ಕಾರು) ನಂಬರ್ ಪ್ಲೇಟ್ 9600 ಎಚ್‌ಪಿ. ಕೂತು ನೋಡುವವರು ಜಾಸ್ತಿಯಾಗಿ ಒಂದು ಕಾರು ಸಾಲಲಿಲ್ಲ. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ 77 ಆರ್‌ಡಬ್ಲ್ಯೂ ನಂಬರಿನ ಇನ್ನೊಂದು ಕಾರನ್ನು ಜಾಗ್ವಾರ್ ಕಾರ್ಖಾನೆಯಿದ್ದ ಕೋವೆಂಟ್ರಿಯಿಂದ ರಾತ್ರೋರಾತ್ರಿ ಓಡಿಸಿಕೊಂಡು ಹೋದರು. ಗಂಟೆಗೆ 150 ಮೈಲಿ, ಅಂದರೆ 241 ಕಿ.ಮೀ. ಓಡುತ್ತದೆ ಅಂತ ಹೆಸರು ತಂದುಕೊಟ್ಟಿದ್ದು 9600 ಎಚ್‌ಪಿ. (ಪತ್ರಿಕೆಯವರ ಕೈಗೆ ಕೊಡುವ ಮುಂಚೆ ಎಂಜಿನ್ನನ್ನು ಎಷ್ಟು ಮುದ್ದು ಮಾಡಿರುತ್ತಾರೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಷೋರೂಮಿನಿಂದ ತಂದ ಕಾರು ಅಷ್ಟು ಮುಟ್ಟುವುದು ಕಷ್ಟವಿತ್ತು.) ಇಷ್ಟೆಲ್ಲಾ ಆದ ಮೇಲೆ ಎರಡನ್ನೂ ಮಾರಿಬಿಟ್ಟರು. ಕೈಯಿಂದ ಕೈಗೆ ಹೋಗಿ, ಎಷ್ಟೋ ವರ್ಷದ ಮೇಲೆ ಬೆಲೆ ಗೊತ್ತಿದ್ದವರಿಗೆ ಸಿಕ್ಕಿ ಉಳಿದುಕೊಂಡಿವೆ.

ಬಾಂಡ್ ಚಿತ್ರದ ಮೊದಲ ಆಸ್ಟನ್ ಮಾರ್ಟಿನ್ ಡಿಬಿ5 ಕಥೆ ಇನ್ನೂ ವಿಚಿತ್ರ. ಶೂಟಿಂಗ್, ಪ್ರಚಾರ ಎಲ್ಲಾ ಮುಗಿದ ಮೇಲೆ ಕಂಪನಿಯವರು ಮಷಿನ್ ಗನ್ನು, ಹಾರುವ ಸೀಟು ಎಲ್ಲಾ ಕಿತ್ತುಹಾಕಿ, 1968ರಲ್ಲಿ ಮಾಮೂಲಿ ಹಳೇ ಕಾರಾಗಿ ಮಾರಿದರು! ಕೊಂಡವರೇ ಮತ್ತೆ ಅವನ್ನೆಲ್ಲ ಮಾಡಿಸಿ ಕೂರಿಸಿದರು. 1997ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವಿಮಾನದ ಹ್ಯಾಂಗರ್‌ನಿಂದ ಅದು ಕಳುವಾಯಿತು. ಆಮೇಲೆ ಬರೀ ಪ್ರಚಾರಕ್ಕಾಗಿ ಸಿದ್ಧ ಮಾಡಿದ್ದ ಇನ್ನೊಂದು ಡಿಬಿ5 2019ರ ಹರಾಜಿನಲ್ಲಿ 63.85 ಲಕ್ಷ ಡಾಲರ್‌ಗೆ ಹೋಯಿತು.

ಪ್ರಶ್ನೆ: ಕೆಲವು ಕಾರುಗಳನ್ನು ಪುಡಿ ಮಾಡುತ್ತಾರಂತೆ, ನಿಜವಾ? ಚೆನ್ನಾಗಿರೋದನ್ನ ಯಾಕೆ ಹಾಳು ಮಾಡಬೇಕು?

ಉತ್ತರ: ನಿಜ. ಉತ್ಪಾದನೆ ಶುರುವಾಗುವ ಮುಂಚೆ ಕಟ್ಟಿದ ಕಾರಿನಲ್ಲಿ ಅರ್ಧ ಭಾಗಗಳು ಕೈಯಲ್ಲಿ ಮಾಡಿದ್ದಿರಬಹುದು. ಅದಕ್ಕೆ ರಸ್ತೆಗಿಳಿಯುವ ಪರವಾನಗಿ ಇರುವುದಿಲ್ಲ. ನಾಳೆ ಯಾರೋ ಗುದ್ದಿಕೊಂಡರೆ ಕೋರ್ಟಿಗೆ ಹೋಗಬೇಕಾದ್ದು ಕಂಪನಿ. 2014ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ, ಕಾಲೇಜುಗಳಿಗೆ ಪಾಠಕ್ಕೆಂದು ಕೊಟ್ಟಿದ್ದ ಹಳೇ ಡಾಜ್ ವೈಪರ್ ಸ್ಪೋರ್ಟ್ಸ್ ಕಾರುಗಳನ್ನು ಪುಡಿ ಮಾಡಿ ಅಂತ ಹೇಳಿದ್ದು ಇದೇ ಲೆಕ್ಕಾಚಾರದಲ್ಲಿ.

ಅದೇ ಕಂಪನಿ 1963ರಿಂದ 66ರವರೆಗೆ ತನ್ನ ಟರ್ಬೈನ್ ಎಂಜಿನ್ (ಜೆಟ್ ವಿಮಾನದ್ದರಂಥ ಎಂಜಿನ್) ಕಾರುಗಳನ್ನು 203 ಮಂದಿಗೆ ತಲಾ ಮೂರು ತಿಂಗಳು ಓಡಿಸಲು ಕೊಟ್ಟಿತ್ತು. ಒಳ್ಳೇ ಪ್ರಚಾರ ಸಿಕ್ಕಿತು. ಆಮೇಲೆ ಕಟ್ಟಿದ್ದ 55ರಲ್ಲಿ 46 ಕಾರುಗಳನ್ನು ನಾಶ ಮಾಡಿದರು. ಇಟಲಿಯ ಗಿಯಾದವರು ಕಟ್ಟಿದ ಬಾಡಿ ಅವಕ್ಕೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ರೆಕಾರ್ಡ್ ಕಾರುಗಳ ಬಗ್ಗೆ ಹೇಳಲೇ ಇಲ್ಲ?

ಉತ್ತರ: ಅವುಗಳ ಅದೃಷ್ಟ ಸ್ವಲ್ಪ ಮೇಲು. ರಸ್ತೆಯಲ್ಲಿ ಓಡಿಸಲು ಬರುವುದಿಲ್ಲವಾದ್ದರಿಂದ ಕೊಳ್ಳುವವರೂ ಕಡಿಮೆ, ಕಂಪನಿಯಲ್ಲೇ ಉಳಿಯುತ್ತವೆ. 1938ರ ಜನವರಿ 28ರಂದು ರೇಸ್ ಡ್ರೈವರ್ ಕಾರಾಚೋಲ ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗೆ 432.7 ಕಿ.ಮೀ. ವೇಗ ಮುಟ್ಟಿದ ಮರ್ಸಿಡಿಸ್ ಈಗ ಸ್ಟುಟ್‌ಗಾರ್ಟ್ ಮ್ಯೂಸಿಯಂನಲ್ಲಿದೆ. ಸಾರ್ವಜನಿಕ ರಸ್ತೆಯ ಆ ದಾಖಲೆ ಮುರಿಯಲು 2017ರವರೆಗೆ ಕಾಯಬೇಕಾಯಿತು. ಮುರಿದದ್ದು ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಅಗೇರಾ ಆರ್‌ಎಸ್, ಅದೂ ಒಬ್ಬ ಗ್ರಾಹಕರ ಕಾರು! ಕಂಪನಿಯ ಡ್ರೈವರ್ ನೆವಾಡಾ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಓಡಿಸಿದ, ಸರಾಸರಿ 447 ಕಿ.ಮೀ. ಬಂತು.

ಪ್ರಶ್ನೆ: ಪ್ರಚಾರದ ಕಾರು ಅಂತ ಸುಳ್ಳು ಹೇಳಿ ಮಾರಿದರೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಕಾಗದ ನಂಬಬೇಡಿ, ಲೋಹ ನೋಡಿ. ಇ-ಟೈಪ್‌ನ ಮೊದಲ 500 ಕಾರುಗಳ ಬಾನೆಟ್ ಬೀಗ ಹೊರಗಡೆ ಇತ್ತು, ಟಿ ಆಕಾರದ ಕೀಲಿಯಿಂದ ತೆಗೆಯಬೇಕು. ಆಮೇಲೆ ಹಿಡಿಕೆ ಒಳಗೆ ಬಂತು. ಒಮ್ಮೆ ನಮ್ಮಲ್ಲಿಗೆ "ಮೊದಲ ಬ್ಯಾಚಿನದು" ಅಂತ ಒಂದು ಕಾರು ಬಂತು. ಹೊರಗೆ ಬೀಗ ಚೆನ್ನಾಗೇ ಇತ್ತು. ಕಾಲಿಡುವ ಜಾಗದ ಪಕ್ಕ ಕಾರ್ಪೆಟ್ ಎತ್ತಿ ಬಣ್ಣ ಕೆರೆದೆ. ಒಂದು ರೂಪಾಯಿ ನಾಣ್ಯದಷ್ಟು ದುಂಡಗಿನ ಬೆಸುಗೆ ಕಾಣಿಸಿತು. ಒಳಗಿನ ಹಿಡಿಕೆಯ ತೂತನ್ನು ಮುಚ್ಚಿದ್ದರು. ಮಾಲೀಕರು ಅರ್ಧ ಗಂಟೆ ಸುಮ್ನೆ ಕೂತಿದ್ದರು, ಟೀ ಕೂಡ ಮುಟ್ಟಲಿಲ್ಲ.

ಪ್ರಶ್ನೆ: ನಮ್ಮ ಮಟ್ಟದ ಪ್ರಶ್ನೆ ಸರ್. ಬೆಂಗಳೂರಿನಲ್ಲಿ ಷೋರೂಮಿನವರು ಟೆಸ್ಟ್ ಡ್ರೈವ್ ಕಾರನ್ನು ಕಡಿಮೆಗೆ ಕೊಡ್ತೀವಿ ಅಂತಿದ್ದಾರೆ. ತಗೊಳ್ಳಲಾ?

ಉತ್ತರ: ರೇಟು ನಿಜವಾಗಿಯೂ ಇಳಿದಿದ್ದರೆ ತಗೊಳ್ಳಿ. ಆದರೆ ಆರ್‌ಸಿಯಲ್ಲಿ ಡೀಲರ್ ಹೆಸರಿದ್ದರೆ ನೀವು ಎರಡನೇ ಮಾಲೀಕರು, ನಾಳೆ ಮಾರುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ವಾರಂಟಿ ಯಾವ ದಿನದಿಂದ ಶುರುವಾಗಿದೆ ಅಂತ ಬರೆಸಿಕೊಳ್ಳಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ. ಕ್ಲಚ್ಚನ್ನು ಮಾತ್ರ ಚೆನ್ನಾಗಿ ನೋಡಿ, ಅದರ ಮೇಲೆ ಎಷ್ಟು ಜನ ಕಾಲಿಟ್ಟು ಕಲಿತಿರುತ್ತಾರೋ.