ಕ್ಲೋರಿನ್ 3 ತೋರಿಸ್ತಿದೆ, ಆದ್ರೂ ಪೂಲ್ ಹಸಿರಾಗ್ತಿದೆ, ಸ್ಟೆಬಿಲೈಜರ್ ಜಾಸ್ತಿ ಆಗಿದ್ಯಾ?

ಮೈಸೂರು_ತೋಟದಮನೆ:
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಪೂಲ್ ಇದೆ, 8 ಮೀಟರ್ ಉದ್ದ 4 ಅಗಲ, ಅಂದಾಜು 40,000 ಲೀಟರ್ ಹಿಡಿಯತ್ತೆ. ಎಂಟು ತಿಂಗಳಿಂದ ನೀರು ಬದಲಾಯಿಸಿಲ್ಲ, ವಾರಕ್ಕೆ ಎರಡು 200 ಗ್ರಾಂ ಟಿಸಿಸಿಎ ಕ್ಲೋರಿನ್ ಟ್ಯಾಬ್ಲೆಟ್ ಫ್ಲೋಟರಲ್ಲಿ (ತೇಲೋ ಡಬ್ಬಿ) ಹಾಕ್ತಿದೀನಿ. ಹದಿನೈದು ದಿನದಿಂದ ಮೆಟ್ಟಿಲ ಮೂಲೇಲಿ ಕಾಲಿಟ್ರೆ ಜಾರತ್ತೆ, ಉಜ್ಜಿದ್ರೆ ಹೋಗತ್ತೆ, ಮೂರನೇ ದಿನ ಮತ್ತೆ ಪಾಚಿ. ಕ್ಲೋರಿನ್ ನೋಡಿದ್ರೆ ಸರಿಯಾಗೇ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ). ಸ್ಟ್ರಿಪ್‌ನಲ್ಲಿ ಸ್ಟೆಬಿಲೈಜರ್ (ಬಿಸಿಲಿಗೆ ಕ್ಲೋರಿನ್ ಹಾರದಂತೆ ಕಾಯೋ ಕೆಮಿಕಲ್) ಬಣ್ಣ ಚಾರ್ಟಿನ ಕೊನೇ ಚೌಕಕ್ಕೆ ಹೋಗಿದೆ, ನಂಬೋದಾ ಬೇಡ್ವಾ? ಮಕ್ಕಳು ಇಳೀತಾರೆ, ಅದಕ್ಕೇ ಭಯ.

ನೀರು_ನೋಡೋನು:
ಮೊದ್ಲು ಮಕ್ಕಳನ್ನ ಇಳಿಸ್ಬೇಡಿ ಸರ್. ನಿಮ್ ಟ್ಯಾಬ್ಲೆಟ್ಟೇ ಕಾರಣ. ಟಿಸಿಸಿಎ ಅಂದ್ರೆ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ಡೂ ಅದ್ರೊಳಗೇ ಇರತ್ತೆ, ಅದೇ ಸ್ಟೆಬಿಲೈಜರ್, ನಿಮ್ ನೀರಿಗೆ ಒಂದು ಟ್ಯಾಬ್ಲೆಟ್ ಹಾಕಿದ್ರೆ ಸ್ಟೆಬಿಲೈಜರ್ ಸುಮಾರು 2.7 ಪಿಪಿಎಂ ಏರತ್ತೆ. ಕ್ಲೋರಿನ್ ಖರ್ಚಾಗತ್ತೆ, ಇದು ಆಗಲ್ಲ, ನೀರು ಆವಿಯಾದ್ರೂ ಅಲ್ಲೇ ಉಳಿಯತ್ತೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗ್ದೇ ಇರೋಕೆ ಇದು 30ರಿಂದ 50 ಪಿಪಿಎಂ ಬೇಕೇ ಬೇಕು, ಆದ್ರೆ ಅದು ಏರಿದಷ್ಟೂ ಕ್ಲೋರಿನ್ನನ್ನ ಕಟ್ಟಿಹಾಕತ್ತೆ, ಟೆಸ್ಟಲ್ಲಿ 3 ಕಂಡ್ರೂ ಪಾಚಿ ಕೊಲ್ಲೋ ಶಕ್ತಿ ಇರಲ್ಲ. ಸ್ಟೆಬಿಲೈಜರ್ ಎಷ್ಟಿದ್ಯೋ ಅದರ 7.5 ಪರ್ಸೆಂಟ್ ಆದ್ರೂ ಕ್ಲೋರಿನ್ ಇರ್ಬೇಕು ಅಂತ ನಾನು ಲೆಕ್ಕ ಇಟ್ಕೊಂಡಿದೀನಿ.

ಸ್ಟ್ರಿಪ್ ಬಿಡಿ, ಕಪ್ಪು ಚುಕ್ಕೆ ಇರೋ ಟ್ಯೂಬ್ ಕಿಟ್ ತಗೊಳಿ. ಮೊಣಕೈ ಆಳದಿಂದ ನೀರು ತೆಗ್ದು, ಅಷ್ಟೇ ರೀಏಜೆಂಟ್ (ಕಿಟ್ ಜೊತೆ ಬರೋ ಟೆಸ್ಟ್ ದ್ರವ) ಸೇರಿಸಿ ಅಲ್ಲಾಡ್ಸಿ, ಮಜ್ಜಿಗೆ ನೀರಿನ ಥರ ಬೆಳ್ಳಗಾಗತ್ತೆ. ಹೊರಗೆ ಬೆನ್ನಿಗೆ ಬಿಸಿಲು ಬೀಳೋ ಹಾಗೆ ನಿಂತ್ಕೊಂಡು, ಟ್ಯೂಬ್ ಸೊಂಟದ ಎತ್ತರದಲ್ಲಿ ಹಿಡಿದು ಮೇಲಿಂದ ನೋಡ್ತಾ ಆ ಬೆಳ್ಳಗಾದ ನೀರನ್ನ ಟ್ಯೂಬಿಗೆ ಸ್ವಲ್ಪ ಸ್ವಲ್ಪ ಹಾಕಿ. ಚುಕ್ಕೆ ಪೂರ್ತಿ ಮರೆಯಾದ್ರೆ ಅಲ್ಲಿಗೆ ನಿಲ್ಸಿ ಓದಿ, ದಿಟ್ಟಿಸಿ ಹುಡುಕ್ಬೇಡಿ. 100 ದಾಟಿದ್ರೆ ಪೂಲ್ ನೀರು ಅರ್ಧ ನಲ್ಲಿ ನೀರು ಅರ್ಧ ಬೆರ್ಸಿ ಮತ್ತೆ ಮಾಡಿ, ಬಂದಿದ್ದನ್ನ ಎರಡರಿಂದ ಗುಣಿಸಿ.

ಮೈಸೂರು_ತೋಟದಮನೆ:
ಅಣ್ಣಾ ಮಾಡ್ದೆ, ಎರಡು ಸಲ. ನೇರ ಹಾಕ್ದಾಗ ಟ್ಯೂಬ್ ತಳ ದಾಟೋಕ್ಮುಂಚೇನೇ ಚುಕ್ಕೆ ಮಾಯ, ಅರ್ಧ ಬೆರ್ಸಿ ಮಾಡಿದ್ರೆ 80. ಅಂದ್ರೆ 160! ಇಳಿಸೋಕೆ ಏನಾದ್ರೂ ಕೆಮಿಕಲ್ ಇದ್ಯಾ?

ಕಾವೇರಿದಡ_ಅಕ್ಕ:
ಕೆಮಿಕಲ್ ಹಿಂದೆ ಹೋಗಿ ನಾವು ದುಡ್ಡು ಕಳ್ಕೊಂಡ್ವಿ ತಮ್ಮಾ, ನೀರು ಬದಲಾಯಿಸೋದೇ ದಾರಿ. 160ರಿಂದ 40ಕ್ಕೆ ಬರ್ಬೇಕು ಅಂದ್ರೆ ಮುಕ್ಕಾಲು ಭಾಗ, 30,000 ಲೀಟರ್, 6,000 ಲೀಟರಿನ ಟ್ಯಾಂಕರ್ ಐದು. ಪೂರ್ತಿ ಖಾಲಿ ಮಾತ್ರ ಮಾಡ್ಬೇಡ, ಮಳೆಗಾಲದಲ್ಲಿ ನೆಲದ ನೀರು ಕೆಳಗಿಂದ ಒತ್ತಿ ತೊಟ್ಟೀನೇ ಎತ್ತಿಬಿಡತ್ತೆ. ನಿಮ್ಮ ಜಾಗದಲ್ಲಿ ನೀರು ಮೇಲೇ ಇದ್ರೆ ಅರ್ಧರ್ಧ ಎರಡು ಸಲ ಮಾಡು, ಹತ್ತು ಸಾವಿರ ಲೀಟರ್ ಜಾಸ್ತಿ ಖರ್ಚಾದ್ರೂ ಪರವಾಗಿಲ್ಲ. ನೀರು ಸ್ಕಿಮ್ಮರಿಗಿಂತ (ಗೋಡೇಲಿ ಮೇಲ್ನೀರು ಎಳ್ಕೊಳ್ಳೋ ಬಾಯಿ) ಕೆಳಗೆ ಇಳಿಯೋ ಮುಂಚೆ ಫಿಲ್ಟರ್ ಮೋಟರ್ ಆಫ್ ಮಾಡು. ತೋಟಕ್ಕೆ ಬಿಡೋದಿದ್ರೆ ಕ್ಲೋರಿನ್ ಸೊನ್ನೆ ಆದ್ಮೇಲೇ ಬಿಡು.

ಆಮೇಲೆ ಟ್ಯಾಬ್ಲೆಟ್ ನಿಲ್ಸಿ ಲಿಕ್ವಿಡ್ ಕ್ಲೋರಿನ್‌ಗೆ ಬಾ, ಅದ್ರಲ್ಲಿ ಸ್ಟೆಬಿಲೈಜರ್ ಇರಲ್ಲ. ಕ್ಯಾನ್ ನೆರಳಲ್ಲಿ ಇಡ್ಬೇಕು, ಬಿಸಿಗೆ ಅದರ ಪವರ್ ಇಳಿಯತ್ತೆ. ನಾನು ಊರಿಗೆ ಹೋಗೋ ವಾರ ಮಾತ್ರ ಒಂದು ಟ್ಯಾಬ್ಲೆಟ್ ಹಾಕ್ತೀನಿ, ತಿಂಗಳಿಗೊಂದ್ಸಲ ಚುಕ್ಕೆ ಟೆಸ್ಟ್.

ಮೈಸೂರು_ತೋಟದಮನೆ:
ತುಂಬಾ ಥ್ಯಾಂಕ್ಸ್ ಅಕ್ಕಾ. ನಮ್ಮ ಬಾವಿ ನೀರು ಈಗ ಮೇಲೇ ಇದೆ, ಅರ್ಧರ್ಧನೇ ಮಾಡ್ತೀನಿ. ಫ್ಲೋಟರ್ ಇವತ್ತೇ ತೆಗ್ದಿಟ್ಟೆ, ಮೊದಲ ಅರ್ಧ ತುಂಬಿಸಿ ಒಂದು ದಿನ ಮೋಟರ್ ಓಡಿಸಿ 80ಕ್ಕೆ ಬಂತಾ ಅಂತ ನೋಡಿ ಇಲ್ಲೇ ಹಾಕ್ತೀನಿ.