ಕ್ರೋಮೋಸೋಮ್‌ಗಳನ್ನು ಎಳೆಯೋದು ಯಾರು? ಉಳ್ಳಾಗಡ್ಡಿ ಬೇರಿನ ಸ್ಲೈಡ್ ನೋಡಿ ಬಂದ ಡೌಟು

ಸಪ್ತಾಪುರದ ಹುಡುಗಿ:
ಧಾರವಾಡದಲ್ಲಿ ಬಿಎಸ್ಸಿ ಓದ್ತಿದ್ದೇನೆ. ನಿನ್ನೆ ಪ್ರ್ಯಾಕ್ಟಿಕಲ್‌ನಲ್ಲಿ ಉಳ್ಳಾಗಡ್ಡಿ ಬೇರಿನ ತುದಿ ಸ್ಕ್ವ್ಯಾಶ್ ಮಾಡಿದೆವು. ಮೂರು ಸ್ಲೈಡ್ ಹಾಳಾದ ಮೇಲೆ ನಾಲ್ಕನೇದರಲ್ಲಿ ಒಂದೇ ಒಂದು ಅನಾಫೇಸ್, ಅಂದರೆ ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳು ಬೇರೆಯಾಗೋ ಹಂತ, ಸಿಕ್ಕಿತು. ಕೆಂಪು ಬಣ್ಣ ಹಿಡಿದ ಕ್ರೋಮೋಸೋಮ್‌ಗಳು (ವಂಶವಾಹಿಗಳನ್ನು ಹೊತ್ತವು) ಎರಡು ಗುಂಪಾಗಿ, ನಡು ಬಾಗಿ, ಬಾಲ ಹಿಂದೆ ಬಿಟ್ಟುಕೊಂಡು ಎರಡು ದಿಕ್ಕಿಗೆ ಹೊರಟ ಹಾಗಿತ್ತು. ನೋಟ್ಸ್‌ನಲ್ಲಿ ಕ್ರೋಮೋಸೋಮ್‌ಗಳನ್ನು 'ಸ್ಪಿಂಡಲ್ ಎಳೆಗಳು ಕುಗ್ಗಿ ಎಳೆಯುತ್ತವೆ' ಅಂತಿದೆ, ಸ್ಪಿಂಡಲ್ ಅಂದರೆ ಕೋಶದ ಎರಡು ತುದಿಯಿಂದ ಕ್ರೋಮೋಸೋಮ್‌ಗಳಿಗೆ ಚಾಚೋ ಎಳೆಗಳ ಕಟ್ಟು. ರಬ್ಬರ್ ಥರಾನಾ? ಹಾಗಾದರೆ ದಪ್ಪ ಆಗಬೇಕಲ್ವಾ? ಕೇಳಿದ್ದಕ್ಕೆ 'ಪರೀಕ್ಷೆಗೆ ಅಷ್ಟು ಸಾಕು' ಅಂದರು.

ಹಳೇ ಝೂವಾಲಜಿ, ಹುಬ್ಬಳ್ಳಿ:
ದಪ್ಪ ಆಗಲ್ಲ ತಂಗೀ. ಆ ಸ್ಪಿಂಡಲ್ ಎಳೆಗಳು ಮೈಕ್ರೊಟ್ಯೂಬ್ಯೂಲ್‌ಗಳು, ಟ್ಯೂಬ್ಯುಲಿನ್ ಅನ್ನೋ ಪ್ರೋಟೀನಿನ ಕೊಳವೆ, ಅಡ್ಡಗಲ ಸುಮಾರು 25 ನ್ಯಾನೊಮೀಟರ್. ಅವು ಕುಗ್ಗಲ್ಲ, ತುದಿಯಲ್ಲಿ ಬಿಚ್ಚಿಕೊಂಡು ಕರಗುತ್ತವೆ. ಯಾವ ತುದಿ ಅನ್ನೋದೇ ಜಗಳ ಆಗಿತ್ತು.

1987ರಲ್ಲಿ ಗ್ಯಾರಿ ಗೋರ್ಬ್‌ಸ್ಕಿ ಮತ್ತು ಸಂಗಡಿಗರು ಹೊಳೆಯುವ ಬಣ್ಣ ಕಟ್ಟಿದ ಟ್ಯೂಬ್ಯುಲಿನ್ ಅನ್ನು ಜೀವಂತ ಕೋಶಕ್ಕೆ ಚುಚ್ಚಿದರು. ಎಳೆಗಳೆಲ್ಲ ಹೊಳೆಯುತ್ತಿರುವಾಗ ಕ್ರೋಮೋಸೋಮ್ ಮತ್ತು ಧ್ರುವದ (ಸ್ಪಿಂಡಲ್‌ನ ಕೊನೆ, ಕ್ರೋಮೋಸೋಮ್ ಹೋಗಿ ಸೇರೋ ಕಡೆ) ನಡುವೆ ಲೇಸರ್‌ನಿಂದ ಒಂದು ಅಡ್ಡ ಪಟ್ಟಿಯಷ್ಟು ಬಣ್ಣ ಸುಟ್ಟು ಹಾಕಿದರು. ಎಳೆ ಕುಗ್ಗಿದ್ದರೆ, ಇಲ್ಲಾ ಧ್ರುವದ ಕಡೆ ಸುತ್ತಿಕೊಂಡಿದ್ದರೆ ಆ ಕಪ್ಪು ಪಟ್ಟಿಯೂ ಸರಿಯಬೇಕಿತ್ತು. ಸರಿಯಲಿಲ್ಲ. ಕ್ರೋಮೋಸೋಮ್‌ಗಳೇ ಅದರ ಹತ್ತಿರ ಬಂದವು. ಅಂದರೆ ಎಳೆ ಕರಗ್ತಿದ್ದದ್ದು ಕ್ರೋಮೋಸೋಮ್ ಹಿಡಿದಿರುವ ತುದಿಯಲ್ಲಿ. ಕಬ್ಬು ತಿನ್ನೋದನ್ನು ನೆನಸಿಕೋ, ಆದರೆ ಕಬ್ಬು ನೆಲದಲ್ಲೇ ನಿಂತಿದೆ, ಬಾಯಿಯೇ ಬುಡದ ಕಡೆ ಇಳಿಯುತ್ತಿದೆ.

ಎಲ್ಲಾ ಕೋಶದಲ್ಲೂ ಹೀಗೇ ಅಲ್ಲ ಮತ್ತೆ. ಹಣ್ಣಿನ ನೊಣದ ಭ್ರೂಣದಲ್ಲಿ ಧ್ರುವದ ತುದಿಯೂ ಕರಗುತ್ತದೆ, ಎಳೆಯೂ ಅತ್ತ ಸರಿಯುತ್ತದೆ.

ಮುಳಗುಂದ ನಾಕಾ:
ಕರಗೋ ತುದಿಗೆ ಜೋತುಬಿದ್ದರೆ ಕೈ ಜಾರಲ್ವಾ? ನನಗೆ ಇದು ಒಪ್ಪಿಗೆ ಆಗ್ತಿಲ್ಲ.

ಹಳೇ ಝೂವಾಲಜಿ, ಹುಬ್ಬಳ್ಳಿ:
ಒಂದೇ ಕೈಯಾದರೆ ಜಾರುತ್ತೆ. ಕ್ರೋಮೋಸೋಮ್ ಮೇಲೆ ಎಳೆಯನ್ನು ಹಿಡಿಯೋ ಜಾಗಕ್ಕೆ ಕೈನೆಟೊಕೋರ್ ಅಂತಾರೆ, ಅದರಲ್ಲಿ ಎನ್‌ಡಿಸಿ80 ಅನ್ನೋ ಸಡಿಲ ಹಿಡಿತದ ಪ್ರೋಟೀನುಗಳು ಒಂದೊಂದು ಎಳೆಗೂ ಹಲವು ಇವೆ, ಒಂದು ಬಿಟ್ಟರೆ ಉಳಿದವು ಹಿಡಿದಿರುತ್ತವೆ. ಹಿಡಿತದ ಗಟ್ಟಿತನಕ್ಕೆ ಮಿಡತೆ ಸಾಕ್ಷಿ. ಬ್ರೂಸ್ ನಿಕ್ಲಾಸ್ ಮಿಡತೆಯ ಕೋಶದೊಳಗೆ ಗಾಜಿನ ಸಣ್ಣ ಸೂಜಿ ಇಳಿಸಿ, ಓಡುತ್ತಿರುವ ಕ್ರೋಮೋಸೋಮನ್ನು ಅಡ್ಡಗಟ್ಟಿ, ಸೂಜಿ ಎಷ್ಟು ಬಾಗಿತು ಅಂತ ನೋಡಿ 1983ರಲ್ಲಿ ಬಲ ಲೆಕ್ಕ ಹಾಕಿದರು. ಸುಮಾರು 700 ಪಿಕೊನ್ಯೂಟನ್ (ಬಲದ ಅತಿ ಸಣ್ಣ ಅಳತೆ). ಸುಮ್ನೆ ಸಾಗೋಕೆ ಬೇಕಾದದ್ದಕ್ಕಿಂತ 10,000 ಪಟ್ಟಿನ ಆಸುಪಾಸು ಜಾಸ್ತಿ! ನಮ್ಮ ಹೊಲದಲ್ಲಿ ಹಾರಾಡೋ ಹುಳ ನೋಡಿ ಇಷ್ಟೆಲ್ಲ ಯಾರಿಗೆ ಹೊಳೀಬೇಕು.

ಹಾವೇರಿ ಲ್ಯಾಬ್:
ಸ್ಲೈಡ್ ಹಾಳಾಗೋಕೆ ಕಾರಣ ಬಹುಶಃ ಬೇರು ಉದ್ದ ತಗೊಂಡಿದ್ದು. ಎರಡು ಮಿಲಿಮೀಟರ್ ತುದಿ ಸಾಕು, ಮೇಲಿನದರಲ್ಲಿ ಕೋಶ ವಿಭಜನೆ ಆಗೋದೇ ಅಪರೂಪ. ಆಸಿಡ್‌ನಲ್ಲಿ ಮೆತ್ತಗಾಗೋವರೆಗೂ ತಡೀರಿ, ಆಮೇಲೆ ಹೆಬ್ಬೆರಳಿಂದ ನೇರ ಒತ್ತಿ. ಕವರ್‌ಸ್ಲಿಪ್ ಉಜ್ಜಬೇಡಿ.

ಸಪ್ತಾಪುರದ ಹುಡುಗಿ:
ಉಜ್ಜಿದ್ದೆ 😅 ಥ್ಯಾಂಕ್ಸ್. ಹಾಗಾದರೆ ಪರೀಕ್ಷೇಲಿ ಏನು ಬರೀಲಿ?

ಹಳೇ ಝೂವಾಲಜಿ, ಹುಬ್ಬಳ್ಳಿ:
'ಕುಗ್ಗುತ್ತವೆ' ಬಿಟ್ಟು 'ಗಿಡ್ಡ ಆಗುತ್ತವೆ' ಅಂತ ಬರಿ. ಸುಳ್ಳೂ ಆಗಲ್ಲ, ಮಾರ್ಕ್ಸೂ ಹೋಗಲ್ಲ.