ಓಟದ ಹಾದಿಯನ್ನು ಮೊದಲೇ ‘ನೋಡಿ ಬರುವುದಕ್ಕೆ’ ಒಂದು ಹೆಸರು

ಹಲವು ದಿನಗಳ ಬೆಟ್ಟದ ಓಟಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕುಳಿತಾಗಲೆಲ್ಲ ಒಂದು ಪದದ ಬಳಿ ನನ್ನ ಬರಹ ನಿಂತುಬಿಡುತ್ತದೆ. ಸ್ಪರ್ಧೆಗೆ ಇನ್ನೂ ಕೆಲವು ವಾರಗಳೋ ತಿಂಗಳುಗಳೋ ಇರುವಾಗಲೇ ಓಟಗಾರರು ಆ ಹಾದಿಯನ್ನು ತುಂಡು ತುಂಡಾಗಿ ನಡೆದೋ ಓಡಿಯೋ, ಕವಲುಗಳು, ನೀರು ಸಿಗುವ ಜಾಗಗಳು, ಕಡಿದಾದ ಏರುಗಳು, ಮೊಣಕಾಲನ್ನು ಸೋಲಿಸುವ ಇಳಿಜಾರುಗಳು ಎಲ್ಲೆಲ್ಲಿವೆ ಎಂಬುದನ್ನು ಮನದಟ್ಟು ಮಾಡಿಕೊಂಡು ಬರುತ್ತಾರೆ. ಇಂಗ್ಲಿಷ್ ಓಟಗಾರರು ಇದನ್ನು ‘ರೆಕ್ಕಿ’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು?

‘ರೆಕ್ಕಿ’ಯನ್ನೇ ಉಳಿಸಿಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ, ಕಳ್ಳತನಕ್ಕೆ ಮುನ್ನ ಮನೆಯ ರೆಕ್ಕಿ ನಡೆಸಿದ್ದರು ಎಂಬಂತಹ ವಾಕ್ಯಗಳಲ್ಲಿ ಬಳಕೆಯಾಗಿ, ಅದಕ್ಕೆ ಹೊಂಚು ಹಾಕುವ ಛಾಯೆ ಅಂಟಿಕೊಂಡಿದೆ. ‘ಸಮೀಕ್ಷೆ’ ಎಂದರೆ ಅಂಕಿ ಅಂಶಗಳು ನೆನಪಾಗುತ್ತವೆ. ‘ಪೂರ್ವವೀಕ್ಷಣೆ’ ಕಣ್ಣಿನ ಕೆಲಸವನ್ನು ಹೇಳಿ ಕಾಲಿನ ಕೆಲಸವನ್ನು ಬಿಡುತ್ತದೆ. ‘ಮುನ್ನಡೆ’ಗೆ ಓಟದ ಸಂದರ್ಭದಲ್ಲಿ ಉಳಿದವರಿಗಿಂತ ಮುಂದಿರುವುದು ಎಂಬ ಅರ್ಥ ಆಗಲೇ ನೆಲೆಯೂರಿದೆ.

ಸಹಜವಾಗಿ ಬಾಯಿಗೆ ಬರುವ ಮಾತು ‘ಹಾದಿ ನೋಡುವುದು’. ಆದರೆ ಕನ್ನಡದಲ್ಲಿ ಹಾದಿ ನೋಡುವುದೆಂದರೆ ಕಾಯುವುದು. ‘ಅವಳು ಮೂರು ದಿನ ಹಾದಿ ನೋಡಿದಳು’ ಎಂದು ಬರೆದರೆ, ಓಟಗಾರ್ತಿ ಯಾರಿಗಾಗಿಯೋ ಕಾದು ಕುಳಿತಳೆಂದೇ ಓದುಗರು ತಿಳಿಯುತ್ತಾರೆ. ‘ನೋಡಿ ಬಂದಳು’ ಎಂದರೆ ಹೋಗಿ ಮರಳಿದ ಸೂಚನೆ ಸಿಕ್ಕಿ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆಯಾದರೂ, ಅದರಿಂದ ಅಚ್ಚುಕಟ್ಟಾದ ನಾಮಪದ ಹುಟ್ಟುವುದಿಲ್ಲ.

ಈಚೆಗೆ ನನ್ನ ಮನಸ್ಸು ‘ಗುರುತು’ ಎಂಬ ಪದದ ಕಡೆಗೆ ವಾಲಿದೆ. ರೆಕ್ಕಿ ಎಂಬುದು ಫ್ರೆಂಚ್ ಮೂಲದ ‘ರೆಕನೈಸೆನ್ಸ್’ ಪದದ ಮೊಟಕು ರೂಪ. ಅದರ ಹಿಂದಿರುವ ಕ್ರಿಯಾಪದಕ್ಕೆ ಗುರುತು ಹಿಡಿಯುವುದು ಎಂದೇ ಅರ್ಥ. ಈ ಅರ್ಥ ಓಟಕ್ಕೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಇಟಲಿಯ ಆವೊಸ್ಟಾ ಕಣಿವೆಯಲ್ಲಿ 2010ರಿಂದ ನಡೆಯುತ್ತಿರುವ ‘ಟೋರ್ ದೆ ಜೆಯಾಂ’ ಓಟವನ್ನು ನೋಡಬಹುದು. ಸುಮಾರು 330 ಕಿಲೋಮೀಟರ್ ದೂರವನ್ನು, ಒಟ್ಟು 24,000 ಮೀಟರ್‌ಗಳಷ್ಟು ಏರನ್ನು 150 ಗಂಟೆಗಳೊಳಗೆ ಮುಗಿಸಬೇಕಾದ ಅಲ್ಲಿ, ಮೊದಲು ಹಗಲಿನಲ್ಲಿ ದಣಿವಿಲ್ಲದೆ ದಾಟಿದ್ದ ಘಟ್ಟವೇ ಸ್ಪರ್ಧೆಯಲ್ಲಿ ನಿದ್ದೆಗೆಟ್ಟ ಇರುಳಿನಲ್ಲಿ, ತಲೆದೀಪದ ಬೆಳಕಿನಲ್ಲಿ ಎದುರಾಗಬಹುದು. ಇಂಗ್ಲೆಂಡಿನ ಎಡೇಲ್‌ನಿಂದ ಸ್ಕಾಟ್ಲೆಂಡಿನವರೆಗೆ ಪೆನೈನ್ ವೇ ಹಾದಿಯಲ್ಲಿ ಜನವರಿಯಲ್ಲಿ ನಡೆಯುವ ‘ಸ್ಪೈನ್ ರೇಸ್’ಗಾಗಿ ಬೇಸಿಗೆಯಲ್ಲಿ ಹೋಗಿ ಬಂದವರಿಗೆ ಅದೇ ನೆಲ ಹಿಮ ಹೊದ್ದು ಕಾಣಿಸಬಹುದು. ಹಾಗಾಗಿ ಹಾದಿಯನ್ನು ಒಮ್ಮೆ ಕಂಡರೆ ಸಾಲದು, ಬೇರೆ ವೇಷದಲ್ಲಿ ಬಂದಾಗಲೂ ಅದನ್ನು ಗುರುತಿಸಬೇಕು.

ಕನ್ನಡದಲ್ಲಿ ಈ ಒಂದೇ ನಾಮಪದ ಬೇರೆ ಬೇರೆ ಕ್ರಿಯಾಪದಗಳೊಡನೆ ಸೇರಿ ಕೆಲಸಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಸಂಘಟಕರು ಬಾವುಟ, ಬಣ್ಣಗಳಿಂದ ಹಾದಿಗೆ ಗುರುತು ಹಾಕುತ್ತಾರೆ. ಓಟಗಾರರು ಮೊದಲೇ ಹೋಗಿ ಹಾದಿಯ ಗುರುತು ಮಾಡಿಕೊಳ್ಳುತ್ತಾರೆ. ಸ್ಪರ್ಧೆಯ ಇರುಳಿನಲ್ಲಿ ಅದರ ಗುರುತು ಹಿಡಿಯುತ್ತಾರೆ. ಕ್ರಿಯಾಪದದ ಮಟ್ಟಿಗೆ ‘ಹಾದಿ ಗುರುತು ಮಾಡಿಕೊಂಡು ಬರುವುದು’ ನನಗೆ ಒಪ್ಪಿಗೆಯಾಗಿದೆ.

ಉಳಿದಿರುವುದು ನಾಮಪದದ ತೊಡಕು. ‘ಹಾದಿಗುರುತು’ ಎಂದರೆ ಮರಕ್ಕೆ ಬಳಿದ ಬಣ್ಣವೇ ಎಂದಾಗುತ್ತದೆ. ‘ಹಾದಿ ಗುರುತಿಸುವಿಕೆ’ ಹೊಸ ಮಾರ್ಗವನ್ನು ಆಯ್ಕೆ ಮಾಡುವಂತೆ ಕೇಳಿಸುತ್ತದೆ. ಮಂದೆಯನ್ನು ಹೊಡೆದುಕೊಂಡು ದೂರ ಸಾಗುವವರಲ್ಲಿ, ಮೇವು ನೀರು ದಾರಿಗಳನ್ನು ಮುಂದಾಗಿ ಹೋಗಿ ತಿಳಿದು ಬರುವ ಕೆಲಸಕ್ಕೋ ಆ ಕೆಲಸ ಮಾಡುವವನಿಗೋ ಏನಾದರೂ ಹೆಸರಿದೆಯೇ? ಅಂತಹ ಪದವನ್ನು ಕೇಳಿದವರು, ಅದನ್ನು ಯಾವ ವಾಕ್ಯದಲ್ಲಿ ಕೇಳಿದಿರೆಂಬುದರೊಡನೆ ತಿಳಿಸಬೇಕೆಂದು ಕೋರುತ್ತೇನೆ.